ಗುಡ್ಡ ಹತ್ತುತ್ತೇನೆ, ಇಳಿಯುವಾಗ ಮಂಡಿ ನಡುಗುತ್ತದೆ: ಹೆಂಗಸರು ಯಾರಾದರೂ ದಾರಿ ಹೇಳಿ

ಪ್ರಶ್ನೆ: ಟೈಲರಕ್ಕ, ಚಿತ್ರದುರ್ಗ

ಎಲ್ಲರಿಗೂ ನಮಸ್ಕಾರ. ಇಲ್ಲಿ ಬರೆಯುತ್ತಿರುವುದು ಇದೇ ಮೊದಲು. ಸ್ವಲ್ಪ ಉದ್ದ ಆಗುತ್ತದೆ, ಪೂರ್ತಿ ಓದಿ ಹೇಳಿ.

ನನಗೆ 44 ವರ್ಷ. ಮನೆಯ ಮುಂದಿನ ಕೋಣೆಯಲ್ಲೇ ಬ್ಲೌಸ್, ಚೂಡಿದಾರ್ ಹೊಲಿಯುತ್ತೇನೆ. 21 ವರ್ಷ ಆಯಿತು. ಮದುವೆ ಸೀಸನ್ ಬಂದರೆ ಬೆಳಿಗ್ಗೆ ಮಿಷನ್ ಮುಂದೆ ಕೂತವಳು ಏಳುವುದು ರಾತ್ರಿ ಹನ್ನೊಂದಕ್ಕೆ. ಸೊಂಟ ಹಿಡಿದುಕೊಂಡಿರುತ್ತದೆ, ಕತ್ತು ತಿರುಗುವುದಿಲ್ಲ. ಎರಡು ವರ್ಷದ ಹಿಂದೆ ನಮ್ಮ ಅತ್ತೆ ತೀರಿಕೊಂಡರು. ಎಂಟು ತಿಂಗಳು ಹಾಸಿಗೆ ಹಿಡಿದಿದ್ದರು, ನೋಡಿಕೊಂಡವಳು ನಾನೇ. ಅವರು ಹೋದ ಮೇಲೂ ನನಗೆ ರಾತ್ರಿ ಎರಡು ಗಂಟೆಗೆ ಎಚ್ಚರ ಆಗುತ್ತಿತ್ತು. ಅವರಿಗೆ ಮಗ್ಗುಲು ಬದಲಿಸುತ್ತಿದ್ದ ಹೊತ್ತು ಅದು. ಎದ್ದು ಕೂತರೆ ಮಾಡಲಿಕ್ಕೆ ಕೆಲಸ ಇಲ್ಲ, ಮಲಗಿದರೆ ನಿದ್ದೆ ಇಲ್ಲ.

ಎದುರು ಮನೆಯಲ್ಲಿ ಒಬ್ಬರು ಹೈಸ್ಕೂಲ್ ಟೀಚರ್ ಇದ್ದರು. ನನ್ನ ಮುಖ ನೋಡಿ ಒಂದು ದಿನ "ನಾಳೆ ಬೆಳಿಗ್ಗೆ ಐದೂವರೆಗೆ ರೆಡಿ ಇರು" ಅಂದರು. ಚಂದ್ರವಳ್ಳಿಗೆ ಕರೆದುಕೊಂಡು ಹೋದರು. ದುರ್ಗದವಳಾಗಿ ನಾನು ಚಂದ್ರವಳ್ಳಿಗೆ ಹೋಗಿದ್ದು ಶಾಲೆಯಲ್ಲಿ ಇದ್ದಾಗ ಒಮ್ಮೆ, ಮದುವೆ ಆದ ಹೊಸದರಲ್ಲಿ ಒಮ್ಮೆ, ಅಷ್ಟೇ. ಕೆರೆ ಪಕ್ಕ ನಡೆದೆವು. ಭೈರವೇಶ್ವರ ಗುಡಿ ಹತ್ತಿರ ಬಂಡೆಯ ಮೇಲೆ ಮಯೂರಶರ್ಮನ ಶಾಸನ ಇದೆಯಲ್ಲ, ಕೆರೆ ಕಟ್ಟಿಸಿದ ವಿಷಯದ್ದು, ಅದನ್ನು ತೋರಿಸಿದರು. ಒಂದು ತಿಂಗಳು ಹೀಗೇ ಕೆರೆ ತನಕ ಹೋಗಿ ಬರುವುದು. ಆಮೇಲೆ ಒಂದು ಭಾನುವಾರ ಧವಳಪ್ಪನ ಗುಡ್ಡ ಹತ್ತಿಸಿಬಿಟ್ಟರು.

ಆ ದಿನದ ಬಗ್ಗೆ ಸ್ವಲ್ಪ ಹೇಳಲೇಬೇಕು. ಕತ್ತರಿ ಹಿಡಿದು ಹಿಡಿದು ನನ್ನ ಬಲಗೈ ಹೆಬ್ಬೆರಳಿನ ಬುಡದಲ್ಲಿ ಗಂಟು ಕಟ್ಟಿದೆ. ಒಂದು ಕಡೆ ಬಂಡೆ ಕಡಿದಾಗಿತ್ತು, ಕೈ ಊರಿಯೇ ಹತ್ತಬೇಕು. ಬಂಡೆ ಉಪ್ಪು ಕಾಗದದ ಹಾಗೆ ತರಿತರಿ, ಇನ್ನೂ ರಾತ್ರಿಯ ತಂಪು ಹಾಗೇ ಇತ್ತು. ಗಂಟು ಇರುವ ಜಾಗವನ್ನೇ ಒತ್ತಿ ಹಿಡಿದೆ, ಜಾರಲಿಲ್ಲ. ಮೇಲೆ ಹೋಗಿ ನಿಂತರೆ ಒಂದು ಕಡೆ ಕೋಟೆಯ ಗೋಡೆ ಗುಡ್ಡದಿಂದ ಗುಡ್ಡಕ್ಕೆ ಹರಿದುಕೊಂಡು ಹೋಗಿದೆ, ದೂರದಲ್ಲಿ ಗಾಳಿಯಂತ್ರಗಳು ನಿಧಾನಕ್ಕೆ ತಿರುಗುತ್ತಿವೆ, ಕೆಳಗೆ ಊರು. ನಮ್ಮ ಬೀದಿ ಎಲ್ಲಿದೆ ಅಂತ ಹುಡುಕಿದೆ. ಸಿಗಲಿಲ್ಲ. 21 ವರ್ಷ ನಾನು ಕೂತ ಕೋಣೆ ಎಲ್ಲೋ ಆ ಮನೆಗಳ ಮಧ್ಯೆ ಇದೆ, ಕಾಣುತ್ತಿಲ್ಲ. ಯಾಕೋ ಅಳು ಬಂತು. ಟೀಚರ್ ಏನೂ ಕೇಳಲಿಲ್ಲ. ಡಬ್ಬಿ ತೆಗೆದು ಮಂಡಕ್ಕಿ ಒಗ್ಗರಣೆ ಕೊಟ್ಟರು.

ಆ ರಾತ್ರಿ ಮಲಗಿದವಳಿಗೆ ಎಚ್ಚರ ಆಗಿದ್ದು ಬೆಳಗಿನ ಜಾವ ಐದಕ್ಕೆ.

ಆರು ತಿಂಗಳು ಚೆನ್ನಾಗಿ ನಡೆಯಿತು. ಆಮೇಲೆ ಟೀಚರ್‌ಗೆ ಹೊಸದುರ್ಗದ ಕಡೆ ವರ್ಗ ಆಯಿತು. ಒಬ್ಬಳೇ ಹೋಗುವುದಕ್ಕೆ ಧೈರ್ಯ ಸಾಲಲಿಲ್ಲ. ಆಗ ಮೊಬೈಲಲ್ಲಿ ನೋಡಿ ಒಂದು ಚಾರಣದ ಗುಂಪಿಗೆ ದುಡ್ಡು ಕಟ್ಟಿದೆ. ಮಲೆನಾಡಿನ ಕಡೆ ಒಂದು ಬೆಟ್ಟ. ಗುಂಪಿನ ಹೆಸರು ಬೇಡ. ಹೆಚ್ಚಿನವರು 25ರ ಒಳಗಿನ ಹುಡುಗ ಹುಡುಗಿಯರು. ದಾರಿಯಲ್ಲಿ ಶೌಚಾಲಯ ಇರುವುದಿಲ್ಲ ಅಂತ ಗೊತ್ತಿತ್ತು, ಹಾಗಾಗಿ ರಾತ್ರಿಯಿಂದಲೇ ನೀರು ಕಡಿಮೆ ಮಾಡಿದ್ದೆ. ಇಡೀ ದಿನಕ್ಕೆ ಅರ್ಧ ಬಾಟಲಿ ಕುಡಿದಿರಬಹುದು. ಹತ್ತುವುದು ಹೇಗೋ ಆಯಿತು. ಇಳಿಯುವಾಗ ಮಂಡಿ ನಡುಗುವುದಕ್ಕೆ ಶುರು. ಒಂದೊಂದು ಹೆಜ್ಜೆಗೂ ಬಾಬಿನ್ ಸಡಿಲ ಆದ ಮಿಷನ್ ಹಾಗೆ ಕಟಕಟ ಅನ್ನುತ್ತಿತ್ತು. ಕರೆದುಕೊಂಡು ಬಂದವರು ಮುಂದೆ ಹೋಗಿಬಿಟ್ಟಿದ್ದರು. ಸುಮಾರು ಮುಕ್ಕಾಲು ಗಂಟೆ ನಾನು ಒಬ್ಬಳೇ. ಕಡಿದಾದ ಕಡೆ ಕೂತು ಕೂತು ಜಾರಿಕೊಂಡು ಇಳಿದೆ. ಲೆಗ್ಗಿಂಗ್ಸ್ ಹಿಂದೆ ಹರಿದುಹೋಯಿತು, ದುಪ್ಪಟ್ಟ ಸೊಂಟಕ್ಕೆ ಕಟ್ಟಿಕೊಂಡು ಬಸ್ಸು ಹತ್ತಿದೆ. ಮೂರು ದಿನ ಆದ ಮೇಲೆ ಉರಿಮೂತ್ರ. ಜ್ವರ ಬಂತು. ಡಾಕ್ಟರ್ ಮಾತ್ರೆ ಕೊಟ್ಟರು, ವಾಸಿ ಆಯಿತು.

ನಮ್ಮ ಯಜಮಾನರು ಬೈಯಲಿಲ್ಲ. "ಬೇಕಿತ್ತಾ ಇದೆಲ್ಲ?" ಅಂದರು, ಅಷ್ಟೇ. ಅಮ್ಮ ಮಾತ್ರ ಫೋನಿನಲ್ಲಿ ದಿನಾ ಹೇಳುತ್ತಾರೆ: "ಈ ವಯಸ್ಸಲ್ಲಿ ಗುಡ್ಡ ಹತ್ತಿ ಯಾವ ಗಂಟು ತರಬೇಕೇ?"

ಐದು ವಾರ ಆಯಿತು, ಎಲ್ಲೂ ಹೋಗಿಲ್ಲ. ಮತ್ತೆ ರಾತ್ರಿ ಎರಡು ಗಂಟೆಗೆ ಎಚ್ಚರ ಆಗುವುದು ಶುರು ಆಗಿದೆ. ಬಿಡುವುದಕ್ಕೆ ನನಗೆ ಮನಸ್ಸಿಲ್ಲ. ಈ ಮಂಡಿಗೆ ಏನು ಮಾಡಲಿ? ನೀರು, ಬಾತ್ರೂಮು, ಮುಟ್ಟಿನ ದಿನ, ಇದನ್ನೆಲ್ಲ ನೀವು ಹೇಗೆ ನಿಭಾಯಿಸುತ್ತೀರಿ? ಯಾರೂ ಬಾಯಿ ಬಿಟ್ಟು ಹೇಳುವುದಿಲ್ಲ. ನಮ್ಮ ದುರ್ಗದ ಹತ್ತಿರದ ಕಾಡುಗುಡ್ಡ ಜೋಗಿಮಟ್ಟಿ ನೋಡಬೇಕು ಅಂತ ತುಂಬಾ ಆಸೆ, ಹೆಂಗಸರು ಅಲ್ಲಿಗೆ ಹೋಗಬಹುದಾ? ಮತ್ತೆ, ಅಮ್ಮನಿಗೆ ಏನು ಹೇಳಲಿ?

ಪಿಟಿ ಟೀಚರ್, ದಾವಣಗೆರೆ

ತಂಗಿ, ನಿನ್ನ ಬರಹ ಎರಡು ಸಲ ಓದಿದೆ. ಏಕವಚನದಲ್ಲಿ ಬರೆಯುತ್ತಿದ್ದೇನೆ, ಬೇಜಾರು ಮಾಡಿಕೊಳ್ಳಬೇಡ. ನನಗೆ 57. ಮೂವತ್ತು ವರ್ಷ ಹೆಣ್ಣುಮಕ್ಕಳಿಗೆ ಕಬಡ್ಡಿ, ಖೊಖೊ ಕಲಿಸಿದವಳು.

ನೀನು ಟೈಲರ್ ಅಂದಿದ್ದಕ್ಕೆ ಮೊದಲು ಒಂದು ವಿಷಯ ಹೇಳಿಬಿಡುತ್ತೇನೆ. ಎವರೆಸ್ಟ್ ಹತ್ತಿದ ಮೊದಲ ಹೆಂಗಸು ಜಪಾನಿನ ಜುಂಕೊ ತಬೈ. 1975ರ ಮೇ 16. ಅದಕ್ಕೆ ಮುಂಚೆ, 1969ರಲ್ಲೇ, ಹೆಂಗಸರದ್ದೇ ಒಂದು ಪರ್ವತಾರೋಹಣ ಸಂಘ ಕಟ್ಟಿದ್ದಳು. ಎವರೆಸ್ಟಿಗೆ ದುಡ್ಡು ಕೇಳಲು ಹೋದರೆ ಮನೆಯಲ್ಲಿ ಮಕ್ಕಳನ್ನು ನೋಡಿಕೊಳ್ಳಿ ಅಂತ ಹೇಳಿ ಕಳಿಸುತ್ತಿದ್ದರಂತೆ. ಅವಳಿಗೆ ಪುಟ್ಟ ಮಗಳೂ ಇದ್ದಳು. ದುಡ್ಡು ಸಾಲದೆ ಏನು ಮಾಡಿದರು ಗೊತ್ತಾ? ಕಾರಿನ ಹೊದಿಕೆ ಕತ್ತರಿಸಿ ನೀರು ಇಳಿಯದ ಕೈಗವಸು ಹೊಲಿದುಕೊಂಡರು. ಹಳೇ ಪರದೆ ಬಟ್ಟೆಯಲ್ಲಿ ಪ್ಯಾಂಟ್ ಹೊಲಿದುಕೊಂಡರು. ತುದಿ ಮುಟ್ಟುವುದಕ್ಕೆ ಹನ್ನೆರಡು ದಿನ ಮುಂಚೆ ಹಿಮ ಕುಸಿದು ಅವಳ ಡೇರೆಯ ಮೇಲೆ ಬಿದ್ದು ಪ್ರಜ್ಞೆ ತಪ್ಪಿತ್ತು. ಎದ್ದು ಮತ್ತೆ ಹತ್ತಿದಳು. ನಿನ್ನ ಕೈಯಲ್ಲಿ ಕತ್ತರಿ ಇದೆ, ಮಿಷನ್ ಇದೆ. ಹರಿದುಹೋಗುವ ಲೆಗ್ಗಿಂಗ್ಸ್ ಹಾಕಿಕೊಂಡು ಯಾಕೆ ಹೋದೆ ಹೇಳು!

ಈಗ ನೀರಿನ ವಿಷಯ. ಇದನ್ನು ನಾನು ಶಾಲೆಯಲ್ಲಿ ಎಷ್ಟು ನೋಡಿದ್ದೇನೋ ಲೆಕ್ಕ ಇಲ್ಲ. ಶೌಚಾಲಯ ಸರಿ ಇಲ್ಲ ಅಂತ ಹೆಣ್ಣುಮಕ್ಕಳು ಬೆಳಿಗ್ಗೆಯಿಂದ ಸಂಜೆ ತನಕ ನೀರೇ ಕುಡಿಯುವುದಿಲ್ಲ. ತಲೆನೋವು, ಉರಿ, ಸುಸ್ತು. ದೊಡ್ಡವರಾದ ಮೇಲೂ ಅದೇ ಅಭ್ಯಾಸ ಮುಂದುವರಿಯುತ್ತದೆ. ನಿನ್ನ ಮಂಡಿ ನಡುಗಿದ್ದರಲ್ಲೂ ಅರ್ಧ ಪಾಲು ನೀರಿಲ್ಲದ್ದೇ ಇರಬಹುದು ಅಂತ ನನ್ನ ಅನಿಸಿಕೆ. ನಮ್ಮದು ಆರು ಜನ ಹೆಂಗಸರ ಗುಂಪು. ಬೆಳಿಗ್ಗೆ ಎದ್ದ ತಕ್ಷಣ ಎರಡು ಲೋಟ. ಗುಡ್ಡದಲ್ಲಿ ಇಪ್ಪತ್ತು ನಿಮಿಷಕ್ಕೊಮ್ಮೆ ನಾಲ್ಕು ಗುಟುಕು, ಬಾಯಾರಲಿ ಬಿಡಲಿ. ಒಬ್ಬೊಬ್ಬರೂ ಎರಡು ಲೀಟರ್ ತೆಗೆದುಕೊಂಡೇ ಹೋಗುವುದು. ಬಂದರೆ ಹೋಗಬೇಕು, ಅದಕ್ಕೆ ನಾಚಿಕೆ ಏನು? ಒಂದು ಹಳೇ ಸೀರೆ ತಂದಿರುತ್ತೇವೆ. ಇಬ್ಬರು ಆ ಕಡೆ ಈ ಕಡೆ ಹಿಡಿದುಕೊಳ್ಳುತ್ತೇವೆ, ಒಬ್ಬರು ಒಳಗೆ. ದಾರಿಯಿಂದ, ನೀರಿನಿಂದ ದೂರ ಹೋಗಬೇಕು, ಅಷ್ಟೇ. ಕೂರುವ ಮುಂಚೆ ಕೋಲಿನಿಂದ ಹುಲ್ಲು ಬಡಿಯಬೇಕು, ಹಾವು ಇದ್ದರೆ ಸರಿದು ಹೋಗುತ್ತದೆ.

ಮುಟ್ಟಿನ ದಿನ ಬರಬೇಡ ಅಂತ ನಾನು ಯಾರಿಗೂ ಹೇಳುವುದಿಲ್ಲ. ನೋವು ಜಾಸ್ತಿ ಇದ್ದರೆ ಮಲಗು, ಇಲ್ಲದಿದ್ದರೆ ಬಾ. ಬಳಸಿದ ಪ್ಯಾಡು ಪೇಪರಲ್ಲಿ ಸುತ್ತಿ, ಜಿಪ್ ಇರುವ ಕವರಿಗೆ ಹಾಕಿ, ಬ್ಯಾಗಿನಲ್ಲಿ ವಾಪಸ್ ಮನೆಗೆ. ಗುಡ್ಡದಲ್ಲಿ ಹೂಳುವುದೂ ಬೇಡ. ನಾಯಿ, ನರಿ ಎಳೆದು ಹಾಕುತ್ತವೆ. ಪ್ಲಾಸ್ಟಿಕ್ ಮಣ್ಣಾಗುವುದಿಲ್ಲ.

ಗುಂಪಿನ ವಿಷಯಕ್ಕೆ ಬಂದರೆ, ನಿನ್ನನ್ನು ಹಿಂದೆ ಬಿಟ್ಟು ಹೋದವರ ಮೇಲೆ ನನಗೆ ನಿಜಕ್ಕೂ ಸಿಟ್ಟು ಬಂತು. ಎಲ್ಲರಿಗಿಂತ ನಿಧಾನ ಇರುವವರು ಮುಂದೆ ನಡೆಯಬೇಕು. ಅವರ ಕಾಲಿನ ಹದಕ್ಕೆ ಉಳಿದವರು. ನಾವು ಕೊಂಡಜ್ಜಿಯ ಗುಡ್ಡಕ್ಕೆ ಹೋದಾಗ 63 ವರ್ಷದ ಒಬ್ಬರು ಮುಂದೆ ಇರುತ್ತಾರೆ, ಅವರು ಕೂತರೆ ಎಲ್ಲರೂ ಕೂತೆವು. ಮೇಲಿಂದ ಕೆರೆ ನೋಡುತ್ತಾ ಕೂರುವುದು ನಮಗೆಲ್ಲ ಇಷ್ಟವೇ. ಇಳಿದು ಬಂದು ಬೆಣ್ಣೆ ದೋಸೆ. ಹತ್ತಿ ಕರಗಿಸಿದ್ದೆಲ್ಲ ಒಂದೇ ದೋಸೆಗೆ ವಾಪಸ್ ಬರುತ್ತದೆ ಅಂತ ಮನೆಯಲ್ಲಿ ಹೇಳುತ್ತಾರೆ. ಬರಲಿ. ನಾವು ತೂಕಕ್ಕೆ ಅಂತ ಹೋದವರಲ್ಲ.

ಅಮ್ಮನಿಗೆ ಬಚೇಂದ್ರಿ ಪಾಲ್ ಕಥೆ ಹೇಳು. 1984ರಲ್ಲಿ ಎವರೆಸ್ಟ್ ಹತ್ತಿದವರು ಅಂತ ಎಲ್ಲರಿಗೂ ಗೊತ್ತು. 2022ರಲ್ಲಿ ಅವರು 50 ದಾಟಿದ ಹೆಂಗಸರನ್ನು ಕಟ್ಟಿಕೊಂಡು ಅರುಣಾಚಲದಿಂದ ಕಾರ್ಗಿಲ್ ತನಕ ಹಿಮಾಲಯದ ಉದ್ದಕ್ಕೂ ನಡೆದರು. ತಿಂಗಳುಗಟ್ಟಲೆ. ಹೊರಟಾಗ ಅವರಿಗೆ 67. ಅವರ ಲೆಕ್ಕದಲ್ಲಿ ನೀನಿನ್ನೂ ಚಿಕ್ಕ ಹುಡುಗಿ.

ಫಿಸಿಯೋಥೆರಪಿಸ್ಟ್, ದಾವಣಗೆರೆ

ಅಕ್ಕಾ, ಮಂಡಿ ಬಗ್ಗೆ ಮಾತ್ರ ನಾನು ಹೇಳುತ್ತೇನೆ. ಉಳಿದದ್ದನ್ನು ಮೇಡಂ ಚೆನ್ನಾಗಿ ಹೇಳಿದ್ದಾರೆ.

ಹತ್ತುವಾಗ ಉಸಿರು ಕಟ್ಟುತ್ತದೆ, ಇಳಿಯುವಾಗ ಕಾಲು ಕೈಕೊಡುತ್ತದೆ. ಎಲ್ಲರಿಗೂ ಹೀಗೇ. ಇಳಿಯುವಾಗ ತೊಡೆಯ ಮುಂಭಾಗದ ಸ್ನಾಯು ಬ್ರೇಕಿನ ಕೆಲಸ ಮಾಡಬೇಕು. ಹಿಗ್ಗುತ್ತಾ ಹಿಗ್ಗುತ್ತಲೇ ನಿಮ್ಮ ಭಾರ ತಡೆಯಬೇಕು. ಅದಕ್ಕೆ ಅಭ್ಯಾಸ ಇಲ್ಲದಿದ್ದರೆ ಬೇಗ ಸೋತುಹೋಗುತ್ತದೆ, ಭಾರ ಎಲ್ಲ ಮಂಡಿ ಚಿಪ್ಪಿನ ಮೇಲೆ ಬೀಳುತ್ತದೆ. ನೀವು ದಿನಕ್ಕೆ ಹತ್ತು ಗಂಟೆ ಕೂತು ಕೆಲಸ ಮಾಡುವವರು. ಈಗ ಮಿಷನ್‌ಗೆಲ್ಲ ಮೋಟರ್ ಇರುತ್ತದೆ, ಪಾದ ಒತ್ತಿದರೆ ಸಾಕು, ತೊಡೆಗೆ ಕೆಲಸವೇ ಇಲ್ಲ. ಅದಕ್ಕೇ ನಡುಗಿದ್ದು. ನಿಮ್ಮ ಮಂಡಿ ಕೆಟ್ಟಿದೆ ಅಂತ ಈಗಲೇ ತಿಳಿದುಕೊಳ್ಳಬೇಡಿ.

ಎರಡು ವ್ಯಾಯಾಮ ಹೇಳುತ್ತೇನೆ, ದಿನ ಬಿಟ್ಟು ದಿನ ಮಾಡಿ. ನೀವು ಕೂರುವ ಸ್ಟೂಲಿನಿಂದ ಕೈ ಊರದೆ ಎದ್ದು ನಿಲ್ಲಿ, ಮತ್ತೆ ಧಪ್ ಅಂತ ಬೀಳದೆ ನಿಧಾನ ಕೂರಿ. ಹತ್ತು ಸಲ. ಇನ್ನೊಂದು, ಬಾಗಿಲ ಮುಂದಿನ ಮೆಟ್ಟಿಲ ಮೇಲೆ ನಿಲ್ಲಿ. ಗೋಡೆ ಹಿಡಿದುಕೊಳ್ಳಿ. ಒಂದು ಕಾಲು ಮೆಟ್ಟಿಲ ಮೇಲೇ ಇರಲಿ, ಇನ್ನೊಂದು ಕಾಲಿನ ಹಿಮ್ಮಡಿಯನ್ನು ಮೂರು ಎಣಿಸುತ್ತಾ ಕೆಳಗೆ ಇಳಿಸಿ, ನೆಲ ಮುಟ್ಟಿದ ತಕ್ಷಣ ಮೇಲೆ ತನ್ನಿ. ಮೆಟ್ಟಿಲ ಮೇಲಿನ ಮಂಡಿ ಒಳಗೆ ವಾಲಬಾರದು, ಪಾದದ ನೇರಕ್ಕೇ ಇರಬೇಕು. ಒಂದೊಂದು ಕಾಲಿಗೆ ಹತ್ತು. ಮೊದಲ ವಾರ ತೊಡೆ ನೋಯುತ್ತದೆ. ಮಾಡಿದ ಮಾರನೇ ದಿನ, ಮೂರನೇ ದಿನ ನೋವು ಜಾಸ್ತಿ ಇದ್ದು ಆಮೇಲೆ ಇಳಿದರೆ ಅದು ಸ್ನಾಯುವಿನ ನೋವು, ಹೆದರಬೇಡಿ. ಮಂಡಿ ಊದಿಕೊಂಡರೆ, ಮಡಿಸಿದ್ದು ಸಿಕ್ಕಿಹಾಕಿಕೊಂಡ ಹಾಗೆ ಆದರೆ, ರಾತ್ರಿ ಮಲಗಿದಾಗಲೂ ನೋಯುತ್ತಿದ್ದರೆ ಡಾಕ್ಟರಿಗೆ ತೋರಿಸಿ.

ಇಳಿಯುವಾಗ ಹೆಜ್ಜೆ ಚಿಕ್ಕದು ಇಡಿ. ಮಂಡಿ ಸೆಟೆಸಿ ಇಡಬೇಡಿ, ಸ್ವಲ್ಪ ಬಗ್ಗಿರಲಿ. ನೇರ ಇಳಿಯದೆ ಹಾವಿನ ಹಾಗೆ ಅಡ್ಡಡ್ಡ ಇಳಿಯಿರಿ. ಕೋಲು ಕಡ್ಡಾಯ. ದುಬಾರಿ ಕೋಲು ಏನೂ ಬೇಡ, ಗಟ್ಟಿ ಬಿದಿರಿನದ್ದು ಸಾಕು. ಇಳಿಜಾರಿನಲ್ಲಿ ಮೊದಲು ಕೋಲು ಕೆಳಗೆ ಊರಿ, ಆಮೇಲೆ ಪಾದ. ಶೂ ಕೊಳ್ಳುವಾಗ ಸಂಜೆ ಹೊತ್ತು ಹೋಗಿ, ಆಗ ಪಾದ ಸ್ವಲ್ಪ ಊದಿರುತ್ತದೆ. ಬೆರಳ ಮುಂದೆ ಅರ್ಧ ಬೆರಳಿನಷ್ಟು ಜಾಗ ಇರಲಿ. ಹಿಂದಿನ ದಿನ ಕಾಲಿನ ಉಗುರು ಕತ್ತರಿಸಿಕೊಳ್ಳಿ, ಇಲ್ಲದಿದ್ದರೆ ಇಳಿಯುವಾಗ ಹೆಬ್ಬೆರಳ ಉಗುರು ಕಪ್ಪಾಗುತ್ತದೆ.

ವಾರದಲ್ಲಿ ಒಂದೇ ದಿನ ಎಲ್ಲ ಸುರಿಯಬೇಡಿ. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ವಾರಕ್ಕೆ 150ರಿಂದ 300 ನಿಮಿಷ ಚುರುಕು ನಡಿಗೆಯಂಥ ಮಧ್ಯಮ ಚಟುವಟಿಕೆ, ಜೊತೆಗೆ ಎರಡು ದಿನ ಸ್ನಾಯುಗಳಿಗೆ ಕೆಲಸ. ನಡುವಿನ ದಿನಗಳಲ್ಲಿ ಅರ್ಧ ಗಂಟೆ ಚಂದ್ರವಳ್ಳಿ ತನಕ ನಡೆದು ಬಂದರೆ ಭಾನುವಾರದ ಗುಡ್ಡ ಹಗುರ ಆಗುತ್ತದೆ. ನಿಮ್ಮ ವಯಸ್ಸಿಗೆ ಇದು ಇನ್ನೂ ಮುಖ್ಯ. ಮುಟ್ಟು ನಿಲ್ಲುವ ಹೊತ್ತಿಗೆ ಮೂಳೆ ಬೇಗ ಸವೆಯಲು ಶುರುವಾಗುತ್ತದೆ. ಕಾಲಿನ ಮೇಲೆ ಭಾರ ಬೀಳುವ ನಡಿಗೆ, ಹತ್ತುವುದು ಇಳಿಯುವುದು, ಮೂಳೆಗೆ ಒಳ್ಳೆಯದು.

ಒಂದು ಮಾತು ಮರೆತಿದ್ದೆ. ಒಮ್ಮೆ ರಕ್ತ ಪರೀಕ್ಷೆ ಮಾಡಿಸಿ, ಹಿಮೋಗ್ಲೋಬಿನ್ ನೋಡಿ. 12ಕ್ಕಿಂತ ಕಡಿಮೆ ಇದ್ದರೆ ರಕ್ತಹೀನತೆ ಅಂತ ಲೆಕ್ಕ. ನಮ್ಮ ಕಡೆ ಎಷ್ಟೋ ಹೆಂಗಸರು ಅದನ್ನು ಹೊತ್ತುಕೊಂಡೇ ಓಡಾಡುತ್ತಾರೆ, ನಾಲ್ಕು ಮೆಟ್ಟಿಲಿಗೇ ಏದುಸಿರು ಬಂದರೆ ವಯಸ್ಸಾಯಿತು ಅಂದುಕೊಳ್ಳುತ್ತಾರೆ. ಡಾಕ್ಟರು ಕಬ್ಬಿಣದ ಮಾತ್ರೆ ಕೊಟ್ಟರೆ ಟೀ ಕಾಫಿ ಜೊತೆ ನುಂಗಬೇಡಿ, ಮೈಗೆ ಹತ್ತುವುದಿಲ್ಲ. ನಿಂಬೆ ಪಾನಕದ ಜೊತೆ ತೆಗೆದುಕೊಳ್ಳಿ.

ಜೋಗಿಮಟ್ಟಿ ಬುಡದ ಊರಿನವನು

ಅಕ್ಕಾರೇ, ನಾನು ಗಂಡಸು, ಮಧ್ಯ ಬರಬಹುದೋ ಇಲ್ಲವೋ ಗೊತ್ತಿಲ್ಲ. ಜೋಗಿಮಟ್ಟಿ ಕೇಳಿದಿರಿ ಅಂತ ಬರೆಯುತ್ತಿದ್ದೇನೆ.

ಹೋಗಬಹುದು. ಮೇಲಿನ ತನಕ ರಸ್ತೆ ಇದೆ, ಅರಣ್ಯ ಇಲಾಖೆಯವರ ಗೇಟು ಇದೆ, ಅಲ್ಲಿ ಕೇಳಿಕೊಂಡೇ ಹೋಗಬೇಕು. ವನ್ಯಧಾಮ ಅದು. ಅವರು ಬೇಡ ಅಂದ ದಿನ, ಬೇಡ ಅಂದ ಕಡೆ ಹೋಗಬೇಡಿ. ಕಾಲುದಾರಿ ಹಿಡಿದು ಒಳಗೆ ನುಗ್ಗುವುದು ಬೇಡವೇ ಬೇಡ, ಕರಡಿ ಇದೆ, ಚಿರತೆ ಇದೆ. ಮಳೆ ಹಿಡಿದ ಮೇಲೆ ಗುಡ್ಡ ಎಲ್ಲ ಹಸಿರಾಗಿ, ಬೆಳಿಗ್ಗೆ ಮಂಜು ಮೈಗೆ ತಾಗುವ ಹಾಗೆ ಹೋಗುತ್ತದೆ. ನಮ್ಮ ಬಿಸಿಲು ನಾಡಿನಲ್ಲಿ ಹೀಗೊಂದು ಜಾಗ ಇದೆ ಅಂತ ಬೆಂಗಳೂರಿನವರು ನಂಬುವುದಿಲ್ಲ. ಗಾಳಿ ಮಾತ್ರ ಆಷಾಢದಲ್ಲಿ ನಿಲ್ಲಲು ಬಿಡುವುದಿಲ್ಲ.

ಕರಡಿ ಬಗ್ಗೆ ತಿಳಿದಿರಲಿ. ಅದಕ್ಕೆ ಮೂಗು ಚುರುಕು, ಕಣ್ಣು ಮಂದ. ದೂರದಿಂದ ನಮ್ಮನ್ನು ಕಾಣುವುದಿಲ್ಲ. ತಟ್ಟನೆ ಎದುರಾದರೆ ಹೆದರಿ ಮೇಲೆ ಬೀಳುತ್ತದೆ, ಮರಿ ಇದ್ದರಂತೂ ಬಿಡುವುದಿಲ್ಲ. ಅದಕ್ಕೇ ಮಾತಾಡಿಕೊಂಡು ನಡೆಯಬೇಕು. ಸೀತಾಫಲ ಹಣ್ಣಾಗುವ ಕಾಲದಲ್ಲಿ, ಬೆಳಗಿನ ಜಾವ ಮತ್ತು ಸಂಜೆ ಮಬ್ಬಿನಲ್ಲಿ ಜಾಸ್ತಿ ಹುಷಾರು. ಪೊದೆ ಮಗ್ಗುಲಿಗೆ ಒಬ್ಬರೇ ಹೋಗಬೇಡಿ. ಮೇಲೆ ಟೀಚರಮ್ಮ ಹೇಳಿದ ಸೀರೆ ಪರದೆ ಇದ್ದೇ ಇದೆಯಲ್ಲ.

ಇನ್ನೊಂದು ಹೇಳಬೇಕು ಅನಿಸುತ್ತಿದೆ. ನಿಮ್ಮ ತಾಯಿಯವರು ಯಾವ ಗಂಟು ತರಬೇಕು ಅಂದರಲ್ಲ, ನಮ್ಮವ್ವ ನಿಜವಾಗಲೂ ಗಂಟೇ ತರುತ್ತಿದ್ದಳು. ಸೌದೆ ಹೊರೆ, ಪೊರಕೆ ಹುಲ್ಲು, ಸೀತಾಫಲದ ಬುಟ್ಟಿ. ನಾಲ್ಕೈದು ಹೆಂಗಸರು ಕೂಡಿ ನಸುಕಿಗೇ ಹೋಗುತ್ತಿದ್ದರು. ಚಿಕ್ಕವನಿದ್ದಾಗ ನಾನೂ ಹಿಂದೆ ಹೋಗಿದ್ದೇನೆ. ಮನೆಯಲ್ಲಿ ತುಟಿ ಬಿಚ್ಚದ ನಮ್ಮವ್ವ ಗುಡ್ಡದಲ್ಲಿ ಜೋರಾಗಿ ನಗುತ್ತಿದ್ದಳು. ಒಂದು ಬಂಡೆ ನೆರಳು ಇತ್ತು, ಅಲ್ಲಿ ಎಲ್ಲರೂ ಹೊರೆ ಇಳಿಸಿ, ರೊಟ್ಟಿ ಶೇಂಗಾ ಚಟ್ನಿ ತಿಂದು, ಕಾಲು ಚಾಚಿ ಕೂರುತ್ತಿದ್ದರು. ಈಗ ಮನೆಗೆ ಗ್ಯಾಸ್ ಬಂತು, ಕಾಡಿನ ಸೌದೆಯೂ ನಿಂತಿತು. ಒಳ್ಳೆಯದೇ ಆಯಿತು, ತಲೆ ಮೇಲಿನ ಭಾರ ಇಳಿಯಿತು. ಅವ್ವನಿಗೆ ಈಗ 70. ನಿಮ್ಮ ಪ್ರಶ್ನೆ ಓದಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ನೆ ಇದ್ದು, "ಆ ಬಂಡೆ ಇನ್ನೂ ಐತೇನಪ್ಪ?" ಅಂತ ಕೇಳಿದಳು.

ಇನ್ನೊಬ್ಬಳು ದುರ್ಗದವಳು

ಟೈಲರಕ್ಕ, ನಾನು ಇಲ್ಲೇ ಬ್ಯಾಂಕಿನಲ್ಲಿ ಕೆಲಸ ಮಾಡುತ್ತೇನೆ. 31 ವರ್ಷ. ಒಂದೂವರೆ ವರ್ಷದ ಮಗು. ಇದನ್ನೆಲ್ಲ ಓದಿ ಎದೆ ತುಂಬಿ ಬಂತು. ನನಗೂ ಜೊತೆ ಬೇಕು. ಭಾನುವಾರ ಎರಡು ಗಂಟೆ ಮಗುವನ್ನು ಅವರಪ್ಪ ನೋಡಿಕೊಳ್ಳುತ್ತಾರೆ. ಬರಲಾ?

ಟೈಲರಕ್ಕ, ಚಿತ್ರದುರ್ಗ

ಎಲ್ಲರಿಗೂ ಕೈ ಮುಗಿಯುತ್ತೇನೆ. ನಾಲ್ಕು ವಾರ ಆದ ಮೇಲೆ ಬರೆಯುತ್ತಿದ್ದೇನೆ, ಮಾಡಿ ನೋಡಿ ಹೇಳೋಣ ಅಂತ ಸುಮ್ನೆ ಇದ್ದೆ.

ಮೊದಲು ಪ್ಯಾಂಟ್ ಹೊಲಿದೆ. ಪಿಟಿ ಮೇಡಂ ಹೇಳಿದ ಜಪಾನಿನ ಅಮ್ಮನ ವಿಷಯ ಓದಿದ ರಾತ್ರಿಯೇ ಕಟಿಂಗ್ ಹಾಕಿದೆ. ಎಳೆದರೆ ಹಿಗ್ಗುವ ಕಾಟನ್. ಎರಡು ಕಾಲು ಸೇರುವ ಕಡೆ ಒಂದು ಡೈಮಂಡ್ ಆಕಾರದ ತುಂಡು ಕೂರಿಸಿದೆ, ಈಗ ಎಷ್ಟು ಎತ್ತರಕ್ಕೆ ಕಾಲು ಎತ್ತಿದರೂ ಹೊಲಿಗೆ ಬಿಡುವುದಿಲ್ಲ. ಹಿಂದೆ ಡಬಲ್ ಬಟ್ಟೆ. ಎರಡು ಕಡೆ ಆಳದ ಜೇಬು, ಜಿಪ್ ಇದೆ, ಮೊಬೈಲು ಬೀಳುವುದಿಲ್ಲ. 21 ವರ್ಷದಲ್ಲಿ ನನಗೆ ಅಂತ ಜೇಬು ಇಟ್ಟು ಹೊಲಿದುಕೊಂಡಿದ್ದು ಇದೇ ಮೊದಲು.

ಆಮೇಲೆ ಸೀರೆ ಪರದೆ ಬಗ್ಗೆ ಯೋಚನೆ ಮಾಡಿದೆ. ಹಿಡಿದುಕೊಳ್ಳಲು ಇಬ್ಬರು ಬೇಕಲ್ಲ, ಜೊತೆಗೆ ಒಬ್ಬರೇ ಇದ್ದರೆ? ಹಳೇ ಕಂದು ಬಣ್ಣದ ನೈಲೆಕ್ಸ್ ಸೀರೆ ತೆಗೆದು ದೊಡ್ಡ ಘೇರಿನ ಲಂಗ ಹೊಲಿದೆ, ಸೊಂಟದ ಬದಲು ಕುತ್ತಿಗೆಗೆ ಎಲಾಸ್ಟಿಕ್. ತಲೆಯಿಂದ ಹಾಕಿಕೊಂಡರೆ ಕುತ್ತಿಗೆಯಿಂದ ಪಾದದ ತನಕ ಡೇರೆ ಹಾಗೆ ಮುಚ್ಚುತ್ತದೆ. ಕೈ ಒಳಗೆ ಫ್ರೀ ಇರುತ್ತದೆ. ಕೂತು ಏಳಬಹುದು, ಬಟ್ಟೆ ಬದಲಿಸಬಹುದು, ಪ್ಯಾಡ್ ಬದಲಿಸಬಹುದು. ಮಡಚಿದರೆ ಒಂದು ಮುಷ್ಟಿ. ಈಗ ನೀರು ಕುಡಿಯುವುದಕ್ಕೆ ಭಯ ಇಲ್ಲ. ಎರಡು ಲೀಟರ್ ಖಾಲಿ ಆಗುತ್ತದೆ.

ಮೆಟ್ಟಿಲ ವ್ಯಾಯಾಮ ಮೊದಲ ವಾರ ಏಳು ಸಲಕ್ಕೇ ಸುಸ್ತು. ಈಗ ಹನ್ನೆರಡು ಆಗುತ್ತದೆ. ಹಿಮೋಗ್ಲೋಬಿನ್ 9.8 ಬಂತು. ಮಾತ್ರೆ ಶುರು ಮಾಡಿದ್ದೇನೆ, ನಿಂಬೆ ಪಾನಕದ ಜೊತೆ.

ಕಳೆದ ಭಾನುವಾರ ಬ್ಯಾಂಕಿನ ತಂಗಿ, ನನ್ನ ಇಬ್ಬರು ಗಿರಾಕಿಗಳು, ನಾನು ಕೋಟೆಗೆ ಹೋದೆವು. ಓಬವ್ವನ ಕಿಂಡಿ ಹತ್ತಿರ ಎಲ್ಲರ ಹಾಗೆ ನಾವೂ ಫೋಟೋ ತೆಗೆಸಿಕೊಂಡು ಮೇಲೆ ನಡೆದೆವು. ಬಂಡೆಯ ಮೇಲಿನ ಕಾವಲು ಬುರುಜು, ತುಪ್ಪದ ಕೊಳದ ಬತೇರಿ ಅಂದರೆ ನನಗೆ ಚಿಕ್ಕಂದಿನಿಂದ ಭಯ. ನುಣುಪು ಬಂಡೆ, ಅದರಲ್ಲಿ ಪಾದದ ಮುಂಭಾಗ ಮಾತ್ರ ಹಿಡಿಸುವಷ್ಟು ಚಿಕ್ಕ ಚಿಕ್ಕ ಕುಳಿ ಕೊರೆದಿದ್ದಾರೆ, ಅಷ್ಟೇ ಮೆಟ್ಟಿಲು. ಬಂಡೆ ಒಣಗಿತ್ತು, ಅದಕ್ಕೇ ಹತ್ತಿದೆವು. ಒದ್ದೆ ಇದ್ದಿದ್ದರೆ ಖಂಡಿತ ವಾಪಸ್ ಬರುತ್ತಿದ್ದೆ. ಒಂದೊಂದು ಕುಳಿಯ ಅಂಚೂ ತುಳಿದು ತುಳಿದು ದುಂಡಗಾಗಿದೆ. ಕಣ್ಣು ಬಂಡೆಯ ಮೇಲೇ ಇಟ್ಟು, ಬೆರಳು ಕುಳಿಗೆ ತೂರಿಸಿ, ಒಂದು, ಇನ್ನೊಂದು, ಮತ್ತೊಂದು. ಸೂಜಿಗೆ ದಾರ ಪೋಣಿಸುವಾಗ ಉಸಿರು ಹಿಡಿಯುತ್ತೇವಲ್ಲ, ಹಾಗೆ. ನಮ್ಮಲ್ಲಿ ನಿಧಾನ ಇದ್ದವಳು ನಾನೇ, ಹಾಗಾಗಿ ಮುಂದೆ ನಾನೇ.

ಇಳಿಯುವಾಗ ಮುಖ ಬಂಡೆ ಕಡೆ ಮಾಡಿ, ಹಿಂದಕ್ಕೆ ಇಳಿದೆ. ಮಂಡಿ ನಡುಗಿತು. ಆದರೆ ಕೊನೆಯ ತನಕ ನಿಂತುಕೊಂಡೇ ಇಳಿದೆ.

ಅಮ್ಮನಿಗೆ ಏನೂ ಹೇಳಲಿಲ್ಲ. ಫೋಟೋ ಕಳಿಸಿದೆ. ಫೋನ್ ಮಾಡಿ "ಆ ಪ್ಯಾಂಟ್ ಯಾವುದೇ?" ಅಂದರು. ಆಮೇಲೆ ಸ್ವಲ್ಪ ಹೊತ್ತು ಬಿಟ್ಟು, "ನಮ್ಮ ಕಾಲದಲ್ಲಿ ಯಾರು ಕರೀತಿದ್ದರು" ಅಂದರು. ಆ ಮಾತು ನನ್ನ ಮನಸ್ಸಿನಲ್ಲೇ ಕೂತಿದೆ. ಹಬ್ಬಕ್ಕೆ ಬರುತ್ತಾರೆ. ಚಂದ್ರವಳ್ಳಿ ಕೆರೆ ತನಕ ಕರೆದುಕೊಂಡು ಹೋಗಬೇಕು ಅಂತ ಇದ್ದೇನೆ. ಆ ದಾರಿ ಅವರಿಂದಲೂ ಆಗುತ್ತದೆ.

ಜೋಗಿಮಟ್ಟಿ ಅಣ್ಣಾ, ಮುಂದಿನ ತಿಂಗಳು ಎರಡನೇ ಭಾನುವಾರ ನಾವು ನಾಲ್ವರು ಬರುತ್ತೇವೆ, ಗೇಟಿನಲ್ಲಿ ಕೇಳಿಕೊಂಡೇ. ಒಳಗೆ ನುಗ್ಗುವುದಿಲ್ಲ, ರಸ್ತೆಯಲ್ಲೇ ನಡೆಯುತ್ತೇವೆ. ನಿಮ್ಮ ಅವ್ವ ಬರುವುದಾದರೆ ಅವರೇ ಮುಂದೆ ನಡೆಯಲಿ. ಸಣ್ಣ ಅಳತೆಯಾ, ದೊಡ್ಡ ಅಳತೆಯಾ ಹೇಳಿ, ಕುತ್ತಿಗೆ ಲಂಗ ಒಂದು ಅವರಿಗೂ ಹೊಲಿದು ತರುತ್ತೇನೆ. ದುರ್ಗದ ಬೇರೆ ಯಾರಾದರೂ ಬರುವವರಿದ್ದರೆ ಇಲ್ಲೇ ಬರೆಯಿರಿ. ಭಾನುವಾರ ಬೆಳಿಗ್ಗೆ ಹತ್ತರ ತನಕ ನಮ್ಮ ಮಿಷನ್ ರಜೆ. ಬಾಗಿಲಿಗೆ ಚಾಕ್‌ನಲ್ಲಿ ಬರೆದು ಹಾಕಿದ್ದೇನೆ.